ನೆಲದಲ್ಲಿ ಉಳಿಯುವ ರೋಗಬೀಜ

(ಮುಳಬಾಗಲು ತಾಲ್ಲೂಕಿನ ಆವನಿಯಲ್ಲಿ ರೈತರ ಸಭೆಯಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರೊಬ್ಬರು ಮಾಡಿದ ಭಾಷಣ)



ರಾಗಿಗೆ ಎಷ್ಟು ಗೊಬ್ಬರ, ಸಾಲಿನಿಂದ ಸಾಲಿಗೆ ಎಷ್ಟು ಅಂತರ ಎಂದು ಹೇಳಬೇಕಾದ ಬೇಸಾಯಶಾಸ್ತ್ರದವನು ದನಕುರಿಗಳ ರೋಗದ ಮಾತೆತ್ತಿದ್ದೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಾನು ಪಶುವೈದ್ಯನಲ್ಲ. ಚಿಕಿತ್ಸೆಯ ವಿಷಯವನ್ನು ಅವರಿಗೇ ಬಿಡುತ್ತೇನೆ. ಆದರೆ ಇಂದು ನಾನು ಹೇಳಲಿರುವ ರೋಗಗಳ ಕಾಯಂ ಮನೆ ದನದ ಮೈಯಲ್ಲ, ಮಣ್ಣು. ಮಣ್ಣಿನ ವಿಷಯವಾದ್ದರಿಂದ ಅದು ನನ್ನ ಪಾಲಿಗೂ ಬರುತ್ತದೆ, ನಿಮ್ಮ ಪಾಲಿಗಂತೂ ಬಂದೇ ಇದೆ.

ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ವರ್ಷಗಟ್ಟಲೆ ಇಡುತ್ತಿದ್ದರು. ಬರ ಬಂದಾಗ ತೆಗೆದರೆ ಕಾಳು ಕಾಳಾಗಿಯೇ ಇರುತ್ತಿತ್ತು. ಕೆಲವು ದುಂಡಾಣುಗಳು, ಅಂದರೆ ಬ್ಯಾಕ್ಟೀರಿಯಗಳು, ಇದೇ ಉಪಾಯವನ್ನು ಅನುಸರಿಸುತ್ತವೆ. ಸಾಮಾನ್ಯ ದುಂಡಾಣು ಬಿಸಿಲಿಗೆ, ಒಣಹವೆಗೆ, ಕುದಿಯುವ ನೀರಿಗೆ ಬೇಗ ಸಾಯುತ್ತದೆ. ಹಾಲು ಕಾಯಿಸಿ ಕುಡಿಯುವುದು ಅದಕ್ಕೇ. ಆದರೆ ಬ್ಯಾಸಿಲಸ್ ಮತ್ತು ಕ್ಲಾಸ್ಟ್ರಿಡಿಯಂ ಎಂಬ ಎರಡು ಬಳಗದ ದುಂಡಾಣುಗಳು, ಆಹಾರ ಮುಗಿಯುತ್ತ ಬಂದಿತೆಂದು ಗೊತ್ತಾದೊಡನೆ ತಮ್ಮ ಮೈಯೊಳಗೇ ಒಂದು ಗಟ್ಟಿ ಗುಳಿಗೆಯನ್ನು ಕಟ್ಟಿಕೊಳ್ಳುತ್ತವೆ. ಅದರ ತಿರುಳಿನಲ್ಲಿ ನೀರಿನ ಅಂಶ ಬಹಳ ಕಡಿಮೆ. ಸುತ್ತಲೂ ಪದರದ ಮೇಲೆ ಪದರ ಕವಚ. ಇದಕ್ಕೆ ಬೀಜಕ ಎಂದು ಹೆಸರು, ಇಂಗ್ಲಿಷಿನವರು ಸ್ಪೋರ್ ಎನ್ನುತ್ತಾರೆ. ಬೀಜಕಕ್ಕೆ ಉಸಿರಾಟವಿಲ್ಲ, ಬೆಳವಣಿಗೆಯಿಲ್ಲ, ಊಟ ಬೇಕಿಲ್ಲ. ಹತ್ತಾರು ವರ್ಷ ಹಾಗೆಯೇ ಬಿದ್ದಿರಬಲ್ಲದು. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಿ. ರಾಗಿಯ ಒಂದು ತೆನೆ ನೂರಾರು ಕಾಳು ಕೊಡುತ್ತದೆ. ಇಲ್ಲಿ ಒಂದು ದುಂಡಾಣುವಿಗೆ ಒಂದೇ ಬೀಜಕ. ಇದು ಸಂತಾನ ಹೆಚ್ಚಿಸುವ ದಾರಿಯಲ್ಲ, ಜೀವ ಉಳಿಸಿಕೊಳ್ಳುವ ದಾರಿ.

ಇದನ್ನು ಮೊದಲು ಕಂಡವರು ಹುಲ್ಲಿನ ಕಷಾಯದಲ್ಲಿ ಕಂಡರು ಎಂಬುದು ನಮ್ಮಂಥವರಿಗೆ ಸ್ವಾರಸ್ಯದ ಸಂಗತಿ. 1876ರಲ್ಲಿ ಜರ್ಮನಿಯ ಫರ್ಡಿನಾಂಡ್ ಕೋನ್ ಎಂಬ ಸಸ್ಯಶಾಸ್ತ್ರಜ್ಞ ಒಣಹುಲ್ಲನ್ನು ಬೇಯಿಸಿದ ನೀರಿನಲ್ಲಿ ಕುದಿಗೂ ಸಾಯದ ಈ ಬೀಜಕಗಳನ್ನು ತೋರಿಸಿದ. ಅದೇ ವರ್ಷ ರಾಬರ್ಟ್ ಕಾಖ್ ಎಂಬ ಹಳ್ಳಿಗಾಡಿನ ವೈದ್ಯ, ಕುರಿ ದನಗಳನ್ನು ಕೊಲ್ಲುತ್ತಿದ್ದ ನೆರಡಿ ರೋಗದ ದುಂಡಾಣು ಬೀಜಕವಾಗುವುದನ್ನೂ ಬೀಜಕ ಮತ್ತೆ ದುಂಡಾಣುವಾಗುವುದನ್ನೂ ಸೂಕ್ಷ್ಮದರ್ಶಕದ ಕೆಳಗೆ ಕಂಡ. ಒಂದು ರೋಗಕ್ಕೆ ಒಂದು ನಿರ್ದಿಷ್ಟ ಜೀವಿಯೇ ಕಾರಣ ಎಂದು ತೋರಿಸಿಕೊಟ್ಟ ಆ ಕೆಲಸ ನಡೆದದ್ದು ದೊಡ್ಡ ಪ್ರಯೋಗಾಲಯದಲ್ಲಲ್ಲ, ಆತನ ಮನೆಯಲ್ಲಿ.

ನೆರಡಿ: ಚೂರಿಯಿಂದ ಹುಟ್ಟುವ ಬೀಜಕ

ಈ ನೆರಡಿ ರೋಗವನ್ನೇ ಆಂಥ್ರಾಕ್ಸ್ ಎನ್ನುವುದು. ಕರ್ನಾಟಕದ ಪೂರ್ವ ಮತ್ತು ದಕ್ಷಿಣದ ಒಣಪ್ರದೇಶಗಳಿಗೆ ಇದು ಹೊಸದಲ್ಲ. ನಮ್ಮ ಗಡಿಯ ಆಚೆ ಚಿತ್ತೂರು ಸೀಮೆಯ ಹಳ್ಳಿಗಳಿಂದ ಇದು ತಗಲಿದ ಮನುಷ್ಯರನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ದಶಕಗಳಿಂದ ಕಂಡು ವರದಿ ಮಾಡಿದ್ದಾರೆ. ಕುರಿಮಂದೆಗೆ ಗಡಿ ಗೊತ್ತಿಲ್ಲ, ಸಂತೆಗೂ ಗೊತ್ತಿಲ್ಲ.

ರೋಗ ಹತ್ತುವ ಬಗೆ ಹೀಗೆ. ಬೇಸಗೆಯ ಕೊನೆಗೆ ಹುಲ್ಲು ನೆಲಕ್ಕೆ ಅಂಟಿಕೊಂಡಿರುತ್ತದೆ. ದನ ಕುರಿಗಳು ಬುಡದವರೆಗೂ ಕಚ್ಚಿ ಮೇಯುತ್ತವೆ. ಹುಲ್ಲಿನೊಡನೆ ಮಣ್ಣೂ ಹೊಟ್ಟೆಗೆ ಹೋಗುತ್ತದೆ. ಒಣಕಡ್ಡಿ, ಮುಳ್ಳು ತಗಲಿ ಬಾಯಲ್ಲಿ ಗೀರು ಬಿದ್ದಿದ್ದರಂತೂ ಬೀಜಕಕ್ಕೆ ಬಾಗಿಲು ತೆರೆದ ಹಾಗೆಯೇ. ಮೈಯ ಬಿಸಿ, ತೇವ, ಆಹಾರ ಸಿಕ್ಕಿದೊಡನೆ ಬೀಜಕ ಮೊಳೆತು ದುಂಡಾಣುವಾಗುತ್ತದೆ. ರಕ್ತದಲ್ಲಿ ಕೋಟಿಗಟ್ಟಲೆ ಹೆಚ್ಚಿ ವಿಷ ಕಾರುತ್ತದೆ. ಬೆಳಿಗ್ಗೆ ಮೇವು ತಿಂದ ಎತ್ತು ಸಂಜೆಗೆ ಸತ್ತಿರಬಹುದು. ಕುರಿಯಲ್ಲಿ ಇನ್ನೂ ಬೇಗ. ಸತ್ತ ಪ್ರಾಣಿಯ ಹೊಟ್ಟೆ ಬೇಗನೆ ಉಬ್ಬುತ್ತದೆ; ಮೂಗು, ಬಾಯಿ, ಗುದದ್ವಾರಗಳಿಂದ ಟಾರಿನಂಥ ಕಪ್ಪು ರಕ್ತ ಒಸರುತ್ತದೆ, ಆ ರಕ್ತ ಹೆಪ್ಪುಗಟ್ಟುವುದಿಲ್ಲ; ಕಾಲುಗಳು ಸೆಟೆದುಕೊಳ್ಳುವುದಿಲ್ಲ. ಇಷ್ಟೂ ಲಕ್ಷಣ ಒಟ್ಟಿಗೆ ಕಾಣಬೇಕೆಂದಿಲ್ಲ. ಮೊದಲ ಮಳೆಯ ಆಸುಪಾಸಿನಲ್ಲಿ, ಕಾಯಿಲೆಯ ಸುಳಿವೇ ಇಲ್ಲದೆ ಒಂದು ದನ ದಿಢೀರನೆ ಸತ್ತರೆ ನೆರಡಿಯೆಂದೇ ಮೊದಲು ಅನುಮಾನಿಸಿ. ಅಲ್ಲವೆಂದು ಪಶುವೈದ್ಯರು ಹೇಳಿದರೆ ಸಂತೋಷಪಡೋಣ.

ಈಗ ನಾನು ಹೇಳುವ ಮಾತನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ಸತ್ತ ದನದ ಮುಚ್ಚಿದ ಮೈಯೊಳಗೆ ಬೀಜಕ ಆಗುವುದಿಲ್ಲ. ಬೀಜಕ ಕಟ್ಟಲು ಈ ದುಂಡಾಣುವಿಗೆ ಗಾಳಿ ಬೇಕು. ಚರ್ಮ ಹರಿಯದೆ ಹಾಗೆಯೇ ಬಿಟ್ಟ ಹೆಣದೊಳಗೆ, ಕೊಳೆಸುವ ಬೇರೆ ದುಂಡಾಣುಗಳ ಕಾಟಕ್ಕೆ ನೆರಡಿಯ ದುಂಡಾಣು ನಮ್ಮ ಹವೆಯಲ್ಲಿ ಕೆಲವೇ ದಿನಗಳಲ್ಲಿ ಹೆಚ್ಚುಪಾಲು ಸತ್ತುಹೋಗುತ್ತದೆ. ಆದರೆ ನಾವು ಮಾಡುವುದೇನು? ತೊಗಲು ಸುಲಿಯುತ್ತೇವೆ, ಇಲ್ಲವೇ ಸುಲಿಯಲು ಕೊಡುತ್ತೇವೆ. ಹೊಟ್ಟೆ ಸೀಳಿದೊಡನೆ ರಕ್ತಕ್ಕೆ ಗಾಳಿ ತಗಲುತ್ತದೆ, ರಕ್ತ ನೆಲಕ್ಕೆ ಇಳಿಯುತ್ತದೆ. ಅಲ್ಲಿ ಅದು ಬೀಜಕವಾಗುತ್ತದೆ. ನಾಯಿ, ಕಾಗೆ, ನೊಣಗಳು ಅದನ್ನು ಊರೆಲ್ಲ ಹರಡುತ್ತವೆ. ಅಂದರೆ ಮುಂದಿನ ಹತ್ತಾರು ವರ್ಷಗಳ ರೋಗವನ್ನು ಆ ನೆಲಕ್ಕೆ ಬಿತ್ತುವುದು ಬಹುಪಾಲು ನಮ್ಮ ಚೂರಿಯೇ. ಮರಣೋತ್ತರ ಪರೀಕ್ಷೆ ಬೇಡವೇ ಎಂದು ಕೇಳುವಿರಿ. ನೆರಡಿಯ ಅನುಮಾನವಿದ್ದಲ್ಲಿ ಪಶುವೈದ್ಯರೂ ಹೊಟ್ಟೆ ಸೀಳುವುದಿಲ್ಲ. ಕಿವಿಯ ನರದಿಂದ ಒಂದು ತೊಟ್ಟು ರಕ್ತ ತೆಗೆದು ಗಾಜಿನ ಮೇಲೆ ಸವರಿ ನೋಡುತ್ತಾರೆ. ಅಷ್ಟು ಸಾಕು.

ಸುಲಿಯುವವರ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು, ಸ್ವಲ್ಪ ಕಹಿಯಾದರೂ. ದನ ಸತ್ತರೆ ನಷ್ಟ ಯಜಮಾನನದು; ರೋಗ ಮಾತ್ರ ಅದನ್ನು ಎಳೆದು, ಸುಲಿದು, ಕಡಿದವರದು. ಅವರು ಬಹುಮಟ್ಟಿಗೆ ಊರಿನ ಬಡವರು. ಮನುಷ್ಯರಿಗೆ ಬರುವ ನೆರಡಿಯಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಚರ್ಮದ್ದು. ಕೈಯ ಮೇಲೋ ಮುಖದ ಮೇಲೋ ಸೊಳ್ಳೆ ಕಡಿದಂತೆ ಒಂದು ಗುಳ್ಳೆ ಏಳುತ್ತದೆ, ಒಡೆಯುತ್ತದೆ, ನಡುವೆ ಇದ್ದಿಲಿನಂಥ ಕಪ್ಪು ಹಕ್ಕಳೆ ಕಟ್ಟುತ್ತದೆ, ಸುತ್ತ ಊತ ಬರುತ್ತದೆ. ನೋವು ಇರುವುದಿಲ್ಲ. ನೋವಿಲ್ಲವಾದ್ದರಿಂದಲೇ ಜನ ಆಸ್ಪತ್ರೆಗೆ ಹೋಗುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಇಂಥವರಲ್ಲಿ ನೂರಕ್ಕೆ 10ರಿಂದ 20 ಮಂದಿ ಸಾಯುತ್ತಾರೆ. ಸಕಾಲಕ್ಕೆ ವೈದ್ಯರ ಬಳಿ ಹೋದರೆ ಗುಣವಾಗುವ ಕಾಯಿಲೆ ಇದು. ಹೋದಾಗ "ಸತ್ತ ದನ ಮುಟ್ಟಿದ್ದೆ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ವೈದ್ಯರಿಗೆ ಹೊಳೆಯುವುದಾದರೂ ಹೇಗೆ?

ಮಾಂಸ ಹಂಚಿಕೊಂಡು ತಿಂದರೆ ಹೊಟ್ಟೆಯ ನೆರಡಿ ಬರುತ್ತದೆ, ಅದು ಇನ್ನೂ ಕೆಟ್ಟದ್ದು. ಚೆನ್ನಾಗಿ ಬೇಯಿಸಿದರಾಯಿತಲ್ಲ ಎನ್ನುವವರಿದ್ದಾರೆ. ಸಾರು ಕುದಿಯುವ ಬಿಸಿಗೆ ಬೀಜಕ ಬೇಗ ಸಾಯುವುದಿಲ್ಲ. ಬೀಜಕವನ್ನು ಖಚಿತವಾಗಿ ಕೊಲ್ಲಲು ಆಸ್ಪತ್ರೆಗಳಲ್ಲಿ 121 ಡಿಗ್ರಿ ಸೆಲ್ಸಿಯಸ್ ಬಿಸಿಯ ಹಬೆಯನ್ನು ಒತ್ತಡದಲ್ಲಿ ಕೊಡುತ್ತಾರೆ. ಅಲ್ಲದೆ, ಬೇಯುವುದಕ್ಕೆ ಮೊದಲು ಅದನ್ನು ಹೆಚ್ಚಿದ ಕೈಗಳ ಗತಿಯೇನು?

ಮಣ್ಣು, ಹೂಳು, ಸುಣ್ಣ

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಕೆಲವು ಹೊಲಗಳಿಗೆ ಶಾಪದ ಹೊಲಗಳೆಂದೇ ಹೆಸರಿತ್ತು. ಅಲ್ಲಿ ಮೇಯಲು ಬಿಟ್ಟ ಕುರಿಗಳು ವರ್ಷವೂ ಸಾಯುತ್ತಿದ್ದವು. ಹಿಂದೆ ಹೂತ ಕುರಿಗಳ ಗುಂಡಿಗಳಿಂದ ಎರೆಹುಳುಗಳು ಬೀಜಕಗಳನ್ನು ಮೇಲಕ್ಕೆ ತರುತ್ತವೆಂದು ಲೂಯಿ ಪಾಶ್ಚರ್ 1880ರಲ್ಲಿ ಹೇಳಿದ. ನಾವು ರೈತನ ಮಿತ್ರನೆಂದು ಹೊಗಳುವ ಎರೆಹುಳುವಿಗೂ ಇಂಥ ಒಂದು ಕೆಲಸವುಂಟು! ಬ್ರಿಟಿಷರು 1942ರಲ್ಲಿ ಯುದ್ಧದ ಪ್ರಯೋಗಕ್ಕಾಗಿ ಸ್ಕಾಟ್ಲೆಂಡಿನ ಗ್ರುನಾರ್ಡ್ ಎಂಬ ಚಿಕ್ಕ ದ್ವೀಪದಲ್ಲಿ ಈ ಬೀಜಕಗಳನ್ನು ಸಿಡಿಸಿದರು. ಆ ನೆಲವನ್ನು 1986ರಲ್ಲಿ ಫಾರ್ಮಾಲ್ಡಿಹೈಡ್ ಬೆರೆಸಿದ ಸಮುದ್ರದ ನೀರಿನಿಂದ ತೋಯಿಸಿದ ಮೇಲೆ, 1990ರಲ್ಲಿ ಅದು ಸುರಕ್ಷಿತವೆಂದು ಸಾರಲಾಯಿತು. ಸುಮಾರು ಐವತ್ತು ವರ್ಷ ಅಲ್ಲಿಗೆ ಜನ ಕಾಲಿಡುವಂತಿರಲಿಲ್ಲ. ಒಂದು ಸರ್ಕಾರಕ್ಕೇ ಒಂದು ಪುಟ್ಟ ದ್ವೀಪ ತೊಳೆಯಲು ಇಷ್ಟು ಪಾಡಾದರೆ ನಮ್ಮ ಗೋಮಾಳ ತೊಳೆಯುವವರು ಯಾರು?

ಎಲ್ಲ ಮಣ್ಣೂ ಒಂದೇ ಅಲ್ಲ. ಸುಣ್ಣದ ಅಂಶ ಹೆಚ್ಚಿರುವ, ಸಾವಯವ ಪದಾರ್ಥ ಸೇರಿದ, ಹುಳಿಯಲ್ಲದ ಮಣ್ಣಿನಲ್ಲಿ ಈ ಬೀಜಕ ಹೆಚ್ಚು ಕಾಲ ಉಳಿಯುತ್ತದೆ. ನಮ್ಮ ದಿಣ್ಣೆಯ ಕೆಮ್ಮಣ್ಣಿಗಿಂತ ತಗ್ಗಿನ, ಕೆರೆ ಅಂಗಳದ ಕಪ್ಪುಮಣ್ಣು ಅದಕ್ಕೆ ಹಿತ. ಮಳೆನೀರು ಎತ್ತರದ ಬೀಜಕಗಳನ್ನು ತೊಳೆದು ತಗ್ಗಿಗೇ ತಂದು ಸೇರಿಸುತ್ತದೆ ಕೂಡ. ಸತ್ತ ದನಗಳನ್ನು ಕೆರೆಯ ಮೂಲೆಗೋ ಹಳ್ಳಕ್ಕೋ ಎಳೆದು ಬಿಸಾಡುವ ರೂಢಿ ಎಷ್ಟು ಕೆಟ್ಟದ್ದೆಂದು ಇದರಿಂದ ತಿಳಿಯಬಹುದು. 2018ರಿಂದ ಕೋಲಾರ ಜಿಲ್ಲೆಯ ಹಲವು ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದಿದೆ. ವರ್ಷಗಟ್ಟಲೆ ಒಣಗಿದ್ದ ಅಂಗಳದಲ್ಲಿ ದನ ಎಸೆದ ಜಾಗ ಯಾವುದೆಂದು ನೀರು ತುಂಬಿದ ಮೇಲೆ ಹುಡುಕಿದರೆ ಸಿಕ್ಕೀತೇ?

ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯಿರೆಂದು ಶಿಫಾರಸು ಮಾಡುವವರಲ್ಲಿ ನಾನೂ ಒಬ್ಬ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮರಳು ಮಿಶ್ರಿತ ಕೆಮ್ಮಣ್ಣಿಗೆ ತೇವ ಹಿಡಿಯುವ ಶಕ್ತಿ ಕೊಡಲು ಹೂಳಿಗಿಂತ ಅಗ್ಗದ ವಸ್ತು ಇಲ್ಲ. ಆದರೆ ಜೆ.ಸಿ.ಬಿ. ಇಳಿಸುವುದಕ್ಕೆ ಮುಂಚೆ ಊರಿನ ಹಿರಿಯರನ್ನು, ದನ ಕಾಯುವವರನ್ನು, ಹಿಂದೆ ದನದ ಹೆಣ ಹಾಕುತ್ತಿದ್ದ ಮೂಲೆ ಯಾವುದೆಂದು ಕೇಳಿ. ಆ ಮೂಲೆಯನ್ನು ಬಿಟ್ಟು ಉಳಿದ ಕಡೆ ತೆಗೆಯಿರಿ. ಮೂಳೆ ಗೊಬ್ಬರದಲ್ಲಿಯೂ ಹಸಿ ಮೂಳೆಯ ಪುಡಿಗಿಂತ ಹಬೆಯಲ್ಲಿ ಬೇಯಿಸಿದ್ದನ್ನೇ ಕೊಳ್ಳಿ. ಊರಲ್ಲಿ ಸತ್ತ ದನದ ಮೂಳೆ ಕುಟ್ಟಿ ತಿಪ್ಪೆಗೆ ಹಾಕುವ ಪದ್ಧತಿ ಬೇಡವೇ ಬೇಡ.

ಹೆಣವನ್ನು ಏನು ಮಾಡಬೇಕು? ಸತ್ತ ಜಾಗದಿಂದ ದೂರ ಎಳೆಯದೆ ಪೂರ್ತಿ ಸುಡುವುದು ಎಲ್ಲಕ್ಕಿಂತ ಉತ್ತಮ. ಆದರೆ ಒಂದು ಎತ್ತನ್ನು ಬೂದಿಯಾಗುವವರೆಗೆ ಸುಡಲು ಎಷ್ಟು ಸೌದೆ ಬೇಕೆಂದು ನಿಮಗೆ ಗೊತ್ತು. ಆಗದಿದ್ದರೆ ಬಾವಿ, ಕೆರೆ, ಕಾಲುವೆಗಳಿಂದ ದೂರದಲ್ಲಿ, ನೀರು ನಿಲ್ಲದ ಎತ್ತರದ ಜಾಗದಲ್ಲಿ, ಆರು ಅಡಿಗಿಂತ ಹೆಚ್ಚು ಆಳದ ಗುಂಡಿ ತೋಡಿ, ರಕ್ತ ಬಿದ್ದ ಮೇಲ್ಮಣ್ಣನ್ನೂ ಹಾಸಿದ್ದ ಹುಲ್ಲನ್ನೂ ಸೇರಿಸಿ ಹೂಳಬೇಕು. ಮೂಗು ಬಾಯಿಗಳಿಗೆ ಬಟ್ಟೆ ತುರುಕಿದರೆ ರಕ್ತ ಸೋರುವುದು ತಪ್ಪುತ್ತದೆ. ಕೈಗೆ ಗವಸು ಬೇಕು. ಗಾಯವಿರುವವರು ಹತ್ತಿರ ಹೋಗಬಾರದು. ಹೂಳುವಾಗ ಸುಣ್ಣ ಸುರಿಯಬೇಕೆಂಬುದು ಬಹುಕಾಲದ ಸಲಹೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ನೆರಡಿಯ ಮಟ್ಟಿಗೆ ಸುಣ್ಣ ಬೇಡವೆನ್ನುತ್ತದೆ, ಏಕೆಂದರೆ ಸುಣ್ಣದ ಕ್ಯಾಲ್ಸಿಯಂ ಬೀಜಕದ ಉಳಿವಿಗೇ ನೆರವಾಗಬಹುದು. ಮಣ್ಣಿನ ಬಗ್ಗೆ ನಾವು ತಿಳಿದಿರುವುದಕ್ಕೂ ಇದು ಹೊಂದುತ್ತದೆ. ಬೇರೆ ಕಾಯಿಲೆಯಿಂದ ಸತ್ತ ದನಕ್ಕೆ ಸುಣ್ಣ ಹಾಕಿದರೆ ಅಡ್ಡಿಯಿಲ್ಲ. ನೆರಡಿಗೆ ಫಾರ್ಮಲಿನ್‌ನಂಥ ಔಷಧಿಯನ್ನು ಪಶುವೈದ್ಯರೇ ನಿಂತು ಹಾಕಿಸಲಿ.

ಲಸಿಕೆ ಮತ್ತು ವರದಿ

ದನಗಳ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಹಿಂದೆ ಊರೂರನ್ನೇ ಬರಿದು ಮಾಡುತ್ತಿತ್ತು. 2011ರಲ್ಲಿ ಅದು ಭೂಮಿಯ ಮೇಲಿಂದಲೇ ಅಳಿಯಿತೆಂದು ಸಾರಲಾಯಿತು. ಹಾಗೆಯೇ ನೆರಡಿಯನ್ನೂ ಅಳಿಸಬಾರದೇಕೆ ಎಂದು ಕೇಳಿದರೆ ಉತ್ತರ ಸುಲಭ. ದೊಡ್ಡರೋಗದ ನಂಜಾಣುವಿಗೆ ಜೀವಂತ ಪ್ರಾಣಿ ಬಿಟ್ಟರೆ ಬೇರೆ ನೆಲೆಯಿರಲಿಲ್ಲ. ನೆರಡಿಗೆ ನೆಲವೇ ನೆಲೆ. ನೆಲಕ್ಕೆ ಲಸಿಕೆ ಚುಚ್ಚಲಾಗದು, ಪ್ರಾಣಿಗೆ ಮಾತ್ರ ಚುಚ್ಚಬಹುದು. ಪಾಶ್ಚರ್ 1881ರಲ್ಲಿ ಪುಯಿ-ಲ-ಫೋರ್ ಎಂಬಲ್ಲಿ ಜನರ ಕಣ್ಣೆದುರಿಗೇ ಲಸಿಕೆ ಹಾಕಿದ ಕುರಿಗಳಿಗೂ ಹಾಕದ ಕುರಿಗಳಿಗೂ ರೋಗ ಹತ್ತಿಸಿದ. ಎರಡು ದಿನ ಕಳೆದು ಜನ ನೋಡಲು ಬಂದಾಗ ಲಸಿಕೆಯಿಲ್ಲದ ಕುರಿಗಳು ಸತ್ತಿದ್ದವು ಇಲ್ಲವೇ ಸಾಯುತ್ತಿದ್ದವು, ಲಸಿಕೆಯ ಗುಂಪು ನಿಂತಿತ್ತು. ಇಂದು ಬಳಸುವ ಲಸಿಕೆಗೆ ಮೂಲ 1930ರ ದಶಕದಲ್ಲಿ ದಕ್ಷಿಣ ಆಫ್ರಿಕದ ಮ್ಯಾಕ್ಸ್ ಸ್ಟರ್ನ್ ಆರಿಸಿದ ತಳಿ. ಅದು ಜೀವಂತ ಬೀಜಕಗಳ ಲಸಿಕೆ, ರೋಗ ತರುವ ಶಕ್ತಿ ಕಳೆದುಕೊಂಡ ಬೀಜಕಗಳು. ಆದ್ದರಿಂದ ಲಸಿಕೆಯ ಆಸುಪಾಸಿನ ದಿನಗಳಲ್ಲಿ ಪೆನಿಸಿಲಿನ್‌ನಂಥ ಔಷಧಿ ಕೊಟ್ಟರೆ ಲಸಿಕೆ ವ್ಯರ್ಥ. ವರ್ಷಕ್ಕೊಮ್ಮೆ ಹಾಕಿಸಬೇಕು; ಫಲ ಹಿಡಿಯಲು ಸುಮಾರು ಎರಡು ವಾರ ಬೇಕು.

ಈ ಲಸಿಕೆಯನ್ನು ಎಲ್ಲ ಊರಿಗೂ ಹಾಕುವುದಿಲ್ಲ. ರೋಗ ಕಂಡ ಊರು, ಅದರ ಸುತ್ತಣ ಊರುಗಳಿಗೆ ಮಾತ್ರ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಗಂಟು ಇಲ್ಲಿದೆ. ಊರಲ್ಲಿ ದನ ಸತ್ತದ್ದನ್ನು ಮುಚ್ಚಿಟ್ಟು, ತೊಗಲು ಮಾರಿ, ಮಾಂಸ ಹಂಚಿ ಸುಮ್ಮನಾದರೆ ಆ ಊರು ಪಟ್ಟಿಗೆ ಸೇರುವುದೇ ಇಲ್ಲ. ಲಸಿಕೆ ಬರುವುದೂ ಇಲ್ಲ. ಡೈರಿಯಲ್ಲಿ ಹಾಲು ನಿಲ್ಲಿಸಿಯಾರು, ಕುರಿಗೆ ಬೆಲೆ ಬಿದ್ದೀತು ಎಂಬ ಅಂಜಿಕೆ ನನಗೆ ಅರ್ಥವಾಗುತ್ತದೆ. ಕೆಲವು ದಿನಗಳ ಆ ಕಷ್ಟ ನಿಜ. ಮುಚ್ಚಿಟ್ಟರೆ ಬರುವುದು ಕೆಲವು ದಿನಗಳ ಕಷ್ಟವಲ್ಲ. ಕಾನೂನಿನ ಮಾತೂ ಇದೆ: 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕಾಯಿದೆಯ ಪ್ರಕಾರ ಇಂಥ ಸಾವನ್ನು ತಿಳಿಸುವುದು ಯಜಮಾನನ ಕರ್ತವ್ಯ. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ 1962 ಸಂಖ್ಯೆಗೆ ಫೋನು ಮಾಡಿ. ವಿಮೆಯ ಹಣ ಬೇಕಾದರೂ ಪಶುವೈದ್ಯರ ಪತ್ರವಿಲ್ಲದೆ ಬರುವುದಿಲ್ಲ. ರಷ್ಯದ ಯಮಾಲ್ ಎಂಬ ಹಿಮಪ್ರದೇಶದಲ್ಲಿ ದಶಕಗಳ ಕಾಲ ರೋಗವಿಲ್ಲವೆಂದು 2007ರಲ್ಲಿ ಹಿಮಸಾರಂಗಗಳಿಗೆ ಲಸಿಕೆ ನಿಲ್ಲಿಸಿದರು. 2016ರ ಬೇಸಗೆಯಲ್ಲಿ ಹೆಪ್ಪುಗಟ್ಟಿದ್ದ ನೆಲ ಕರಗಿ ಹಳೆಯ ಬೀಜಕಗಳು ಮೇಲೆ ಬಂದವು. 2,000ಕ್ಕೂ ಹೆಚ್ಚು ಸಾರಂಗಗಳೂ ಒಬ್ಬ ಹುಡುಗನೂ ಸತ್ತರು.

ಬಳಗದ ಉಳಿದವರು

ಚಪ್ಪೆ ರೋಗದ ದುಂಡಾಣು ಕ್ಲಾಸ್ಟ್ರಿಡಿಯಂ ಬಳಗದ್ದು, ಇದಕ್ಕೆ ಗಾಳಿಯೇ ಆಗದು. ಮೇವಿನೊಡನೆ ಹೊಕ್ಕ ಬೀಜಕ ಮಾಂಸಖಂಡದಲ್ಲಿ ಸುಮ್ಮನೆ ಕುಳಿತಿದ್ದು, ಪೆಟ್ಟು ಬಿದ್ದು ಆ ಜಾಗಕ್ಕೆ ರಕ್ತದ ಸಂಚಾರ ಕಡಿಮೆಯಾದಾಗ ಮೊಳೆಯುತ್ತದೆ. ಆರು ತಿಂಗಳಿಂದ ಎರಡು ವರ್ಷದ, ಚೆನ್ನಾಗಿ ಮೈತುಂಬಿಕೊಂಡ ಕರುಗಳಿಗೇ ಹೆಚ್ಚು. ತೊಡೆಯ ಮೇಲೆ ಊತ ಬಂದು ಒತ್ತಿದರೆ ಚರಚರ ಸದ್ದಾಗುತ್ತದೆ. ಮುಂಗಾರಿಗೆ ಮುಂಚೆ ಲಸಿಕೆ ಹಾಕಿಸಿದರೆ ತಪ್ಪುತ್ತದೆ. ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ನಮ್ಮ ರಾಜ್ಯಕ್ಕೆ ಇಂಥ ಲಸಿಕೆಗಳನ್ನು ತಯಾರಿಸುತ್ತ ಬಂದಿದೆ. ಕುರಿಗಳ ಕರುಳು ಬೇನೆಯೂ ಇದೇ ಬಳಗದ್ದು. ಒಣಮೇವು ತಿನ್ನುತ್ತಿದ್ದ ಮಂದೆಯನ್ನು ಮಳೆ ಬಿದ್ದು ಚಿಗುರಿದ ಹುಲ್ಲಿಗೆ ಒಮ್ಮೆಗೇ ಬಿಟ್ಟರೆ ಕರುಳಿನಲ್ಲಿದ್ದ ದುಂಡಾಣು ವಿಪರೀತ ಹೆಚ್ಚಿ ವಿಷ ಕಾರುತ್ತದೆ. ಸಾಯುವುದು ಕೊಬ್ಬಿದ ಮರಿಯೇ. ಬೆಳಿಗ್ಗೆ ಸ್ವಲ್ಪ ಒಣಮೇವು ತಿನ್ನಿಸಿ ಆಮೇಲೆ ಹಸಿರಿಗೆ ಬಿಡಿ, ಲಸಿಕೆಯನ್ನಂತೂ ಬಿಡಬೇಡಿ.

ಧನುರ್ವಾಯುವಿನ ಬೀಜಕ ತಿಪ್ಪೆಯಲ್ಲಿ, ಕೊಟ್ಟಿಗೆಯಲ್ಲಿ, ಗೊಬ್ಬರ ಹಾಕಿದ ಎಲ್ಲ ಹೊಲದಲ್ಲಿಯೂ ಇದೆ ಎಂದೇ ತಿಳಿಯಿರಿ. ಗುದ್ದಲಿಯ ಪೆಟ್ಟು, ಮುಳ್ಳು ಚುಚ್ಚಿದ ಆಳವಾದ ಗಾಯ ಅದಕ್ಕೆ ಸಾಕು. ಗಾಯಕ್ಕೆ ಸಗಣಿ, ಮಣ್ಣು ಮೆತ್ತುವುದೆಂದರೆ ನಾವೇ ಬೀಜಕ ಬಿತ್ತಿದಂತೆ. ಹೊಕ್ಕುಳಬಳ್ಳಿಗೆ ಇಂಥದ್ದನ್ನು ಹಚ್ಚಿ ಎಷ್ಟೋ ಹಸುಗೂಸುಗಳನ್ನು ನಮ್ಮ ದೇಶ ಕಳೆದುಕೊಂಡಿದೆ. ಬಸಿರಿಯರಿಗೆ ಚುಚ್ಚುಮದ್ದು, ಶುಚಿಯಾದ ಹೆರಿಗೆ ಇವುಗಳಿಂದ 2015ರಲ್ಲಿ ಭಾರತ ಬಾಣಂತಿ ಮತ್ತು ಹಸುಗೂಸುಗಳ ಧನುರ್ವಾಯುವನ್ನು ನಿವಾರಿಸಿತೆಂದು ಘೋಷಣೆಯಾಯಿತು. ಬೀಜಕ ಮಾತ್ರ ತಿಪ್ಪೆಯಲ್ಲಿಯೇ ಇದೆ. ಚುಚ್ಚುಮದ್ದು ನಿಲ್ಲಿಸಿದರೆ ಮರಳಿ ಬರುತ್ತದೆ.

ರೇಷ್ಮೆ ಸಾಕುವವರಿಗೆ ಒಂದು ಮಾತು. 1901ರಲ್ಲಿ ಜಪಾನಿನ ಇಶಿವಾಟ ಎಂಬುವರು ಸಪ್ಪೆಯಾಗಿ ದಿಢೀರನೆ ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ ಬ್ಯಾಸಿಲಸ್ ಬಳಗದ ಇನ್ನೊಂದು ದುಂಡಾಣುವನ್ನು ಕಂಡರು. ಅದು ಬೀಜಕ ಕಟ್ಟುವಾಗಲೇ ಪಕ್ಕದಲ್ಲಿ ವಿಷದ ಒಂದು ಹರಳನ್ನೂ ಕಟ್ಟುತ್ತದೆ. ಹುಳುವಿನ ಕ್ಷಾರಗುಣದ ಕರುಳಿನಲ್ಲಿ ಹರಳು ಕರಗಿ ಕರುಳನ್ನು ತೂತುಮಾಡುತ್ತದೆ. ಎಲೆಕೋಸಿನ ಹುಳುವಿಗೆ ನೀವು ಬಿ.ಟಿ. ಎಂದು ಸಿಂಪಡಿಸುವುದು ಇದನ್ನೇ. ಮನುಷ್ಯರಿಗೆ, ದನಗಳಿಗೆ ಇದರಿಂದ ತೊಂದರೆಯಿಲ್ಲ. ಒಳ್ಳೆಯ ಔಷಧಿಯೆಂದು ನಾನೇ ಹೇಳುತ್ತೇನೆ. ಆದರೆ ಕೋಸು, ಟೊಮೇಟೊ ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ, ಗಾಳಿ ಆ ಕಡೆ ಬೀಸುವಾಗ ಸಿಂಪಡಿಸಬೇಡಿ. ಪಕ್ಕದ ಹೊಲದವರಿಗೆ ಹಿಂದಿನ ದಿನವೇ ಹೇಳಿ. ಹುಳುಮನೆಗೆ ಬೆಳೆಯ ನಡುವೆ ನೂರು ಲೀಟರ್ ನೀರಿಗೆ ಎರಡು ಕಿಲೋ ಬ್ಲೀಚಿಂಗ್ ಪೌಡರ್, 300 ಗ್ರಾಂ ಅರಳಿದ ಸುಣ್ಣ ಬೆರೆಸಿ ಹೊಡೆಯಿರಿ.

ಇನ್ನು ನಿಮ್ಮ ಜಾತ್ರೆ. ಶಿವರಾತ್ರಿಯ ವೇಳೆಗೆ ಆವನಿಯ ದನಗಳ ಜಾತ್ರೆಗೆ ದೂರದೂರದಿಂದ ಎತ್ತುಗಳು ಬರುತ್ತವೆ. ಅವು ಯಾವ ನೆಲದಲ್ಲಿ ಮೇದು ಬಂದವೋ ಯಾರಿಗೂ ತಿಳಿಯದು. ಕೊಳ್ಳುವಾಗ ಹಲ್ಲು, ಸುಳಿ ನೋಡುವಷ್ಟೇ ಎಚ್ಚರದಿಂದ ಯಾವ ಲಸಿಕೆ, ಯಾವ ತಿಂಗಳಲ್ಲಿ ಹಾಕಿಸಿದಿರಿ ಎಂದು ಕೇಳಿ. ಕಿವಿಯ ಓಲೆಯ ಸಂಖ್ಯೆ ಬರೆದುಕೊಳ್ಳಿ. ಮನೆಗೆ ತಂದ ಜೋಡಿಯನ್ನು ಎರಡು ವಾರ ಬೇರೆ ಕಟ್ಟಿ. ಜಾತ್ರೆಯ ಮೈದಾನದಲ್ಲಿ ಒಂದು ದನ ಸತ್ತರೆ ಅದನ್ನು ಹಾಕಲು ಜಾಗವನ್ನು ಪಂಚಾಯತಿಯವರು ಮುಂಚೆಯೇ ಗೊತ್ತುಮಾಡಿ, ಆಳದ ಗುಂಡಿ ತೋಡಿಸಿ, ಸುತ್ತ ಮುಳ್ಳುಬೇಲಿ ಹಾಕಿಸಿಡಬೇಕು. ಸತ್ತ ಮೇಲೆ ಗುದ್ದಲಿ ಹುಡುಕಿಕೊಂಡು ಓಡುವುದಲ್ಲ. ಹೂತ ಜಾಗದ ಮೇಲೆ ಒಂದು ಕಲ್ಲು ನೆಡಿಸಿ, ಈ ಸೀಮೆಯಲ್ಲಿ ಕಲ್ಲಿಗೇನೂ ಬರವಿಲ್ಲ. ಸರ್ವೆ ನಂಬರು, ತಾರೀಖು, ಯಾವ ರೋಗ ಎಂಬುದನ್ನು ಪಂಚಾಯತಿಯ ಪುಸ್ತಕದಲ್ಲಿ ಬರೆಸಿ. ಮೂವತ್ತು ವರ್ಷದ ಮೇಲೆ ಅಲ್ಲಿ ಹೂಳು ತೆಗೆಯಲು ಬರುವವನು ಅದನ್ನು ಓದಿಕೊಳ್ಳಲಿ.